ನೂರಿಪ್ಪತ್ತೆರಡು ಗ್ರಾಂ

ಮೂರನೇ ಸಲವೂ ನೂರಿಪ್ಪತ್ತೆರಡೇ ಬಂತು. ಲೊಸಾಲಿನಿಗೆ ತಲೆ ಕೆಟ್ಟುಹೋಯಿತು. ಬಾಟಲಿಯ ಚೀಟಿಯಲ್ಲಿ ಲೀಟರಿಗೆ ಇನ್ನೂರು ಗ್ರಾಂ ಕೀಟನಾಶಕ ಎಂದು ಅಚ್ಚಾಗಿದೆ. ಫಿಜಿಯ ಸುವಾ ನಗರದ ಪ್ರಯೋಗಾಲಯದಲ್ಲಿ ಔಷಧಿಯ ಸತ್ವ ಅಳೆಯುವ ದ್ರವ ಕ್ರೊಮ್ಯಾಟೊಗ್ರಫಿ ಯಂತ್ರವೋ, ಹಟ ಹಿಡಿದ ಮಗುವಿನಂತೆ ಪರದೆಯ ಮೇಲೆ ಅದೇ ಗಿಡ್ಡ ಗುಡ್ಡ ಬರೆಯುತ್ತಿತ್ತು.

ಪ್ರಮಾಣ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣ ಹಾಕಿ ಯಂತ್ರವನ್ನೇ ಪರೀಕ್ಷಿಸಿದಳು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಿರಿಯ ಸಹಾಯಕ ಅಪಿಸಾಯಿ ಮಾಮ ಕಲಿಸಿದ ಹಾಗೆಯೇ, ನೊರೆ ಎದ್ದು ಅಳತೆ ಕೆಡದಂತೆ, ಬಾಟಲಿ ಅಲುಗಿಸದೆ ಮೇಲಿನಿಂದ ಕೊಳವೆಯಲ್ಲಿ ಹೀರಿದ್ದಳು. ತಿಳಿಯಾದ ಔಷಧಿಗಳಿಗೆ ಅಲ್ಲಿ ಲಾಗಾಯ್ತಿನಿಂದ ಅದೇ ರೂಢಿ. ಇದು ಈಚೆಗೆ ಬರತೊಡಗಿದ, ಹಾಲಿನಂತೆ ಬೆಳ್ಳಗಿನ ಔಷಧಿ.

ನಾಲ್ಕಕ್ಕೆ ಅವಳು ವರದಿಗೆ ಸಹಿ ಹಾಕಿದರೆ ಇದನ್ನು ಮಾರಿದ ಸಿಂಗಟೋಕಾ ಊರಿನ ಧರ್ಮೇಂದ್ರನ ಅಂಗಡಿಗೆ ಬೀಗ. ಆ ಮನುಷ್ಯ ಬೆಳಗಿನಿಂದ ಹೊರಗಿನ ಬೆಂಚು ಬಿಟ್ಟು ಎದ್ದಿಲ್ಲ. ಔಷಧಿ ಕೊಂಡ ರೈತನ ದೂರು ಓದಿದರಂತೂ ಗೊಂದಲ ಇಮ್ಮಡಿ. ಒಂದೇ ಬಾಟಲಿ ಸಿಂಪಡಿಸಿದ ಬದನೆಯಲ್ಲಿ ಮೊದಲ ಸಾಲುಗಳನ್ನು ಹುಳ ತಿಂದಿವೆ, ಕೊನೆಯ ಸಾಲುಗಳು ಸುಟ್ಟು ಕರಕಲಾಗಿವೆ. ಸತ್ವವಿಲ್ಲದ ಔಷಧಿ ಎಲೆ ಸುಡುವುದು ಹೇಗೆ?

ಶುಕ್ರವಾರವಾದ್ದರಿಂದ ಮೂರಕ್ಕೆಲ್ಲ ಹಿತ್ತಿಲಲ್ಲಿ ಚಾಪೆ ಹಾಸಿ ಕುಡಿಯಲೆಂದು, ಮತ್ತು ಬರಿಸುವ ಯಾಂಗೋನಾ ಬೇರಿನ ಪುಡಿ ನೀರಿಗೆ ಹಾಕಿದ್ದರು. ಅವಳೂ ಹೋಗಿ ಕೂತಳು. ಗುಮಾಸ್ತೆ ಸಾಲೋತೆ ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಟ್ಟಳು. ಅಪಿಸಾಯಿ ಗುಟುಕರಿಸಿ ಮುಖ ಕಿವುಚಿದ.

"ಏನೇ ಇದು, ಪಾತ್ರೆ ತೊಳೆದ ನೀರು ಕೊಟ್ಯಲ್ಲ! ಕಲಕದೇ ಮೊಗೀತಾರೇನೇ? ಪುಡಿಯೆಲ್ಲಾ ತಳದಲ್ಲಿ ಕೂತಿದೆ. ಕೊನೇಲಿ ಕುಡಿಯೋನನ್ನ ಹೊತ್ಕೊಂಡೇ ಹೋಗ್ಬೇಕು!"

ಎಲ್ಲರೂ ನಕ್ಕರು. ಲೊಸಾಲಿನಿ ಚಿಪ್ಪು ಕೆಳಗಿಟ್ಟು ಒಳಗೆ ಓಡಿದಳು.

ಬಾಟಲಿ ಬೋರಲು ಮಾಡಿದಳು. ತಳದಲ್ಲಿ ಬೆಳ್ಳನೆಯ ಗಟ್ಟಿ ಪದರ ಅಂಟಿಕೊಂಡಿತ್ತು. ಕೈ ಸೋಲುವವರೆಗೂ ಕುಲುಕಿ, ನೊರೆ ಇಳಿಯಲು ಬಿಟ್ಟು, ಮತ್ತೆ ಹೀರಿ ಯಂತ್ರಕ್ಕೆ ಹಾಕಿದಳು. ನೂರ ತೊಂಬತ್ತೊಂಬತ್ತು! ರೈತನೂ ಕುಲುಕಿರಲಿಲ್ಲ, ಅವಳೂ ಕುಲುಕಿರಲಿಲ್ಲ.

ಸುದ್ದಿ ಕೇಳಿ ಧರ್ಮೇಂದ್ರ ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

"ಬದುಕಿಸಿದೆ ತಂಗಿ! ಪಾಪ, ನಮ್ಮ ಪಕ್ಕದಂಗಡಿ ದೇವೇಶ ಇದೇ ಔಷಧಿ ಮಾರ್ತಿದ್ದ. ಹೋದ ತಿಂಗಳು ಮುಚ್ಸಿಬಿಟ್ರು. ಬಾಯಲ್ಲಿ ದೇವರ ಹೆಸರು, ಮಾರೋದು ಕಳಪೆ ಮಾಲು ಅಂತ ಊರೆಲ್ಲಾ ಉಗೀತು. ನಾನೂ ಉಗಿದೆ. ಅವನದ್ದು ನಿಜವಾಗ್ಲೂ ಕಳಪೆನೇ ಇತ್ತಲ್ವಾ?"

ದೇವೇಶನ ಅಂಗಡಿ ಮುಚ್ಚಿಸಿದ ವರದಿಯ ಅಡಿಯಲ್ಲಿದ್ದದ್ದು ಲೊಸಾಲಿನಿಯದೇ ಸಹಿ. ಮೆಲ್ಲಗೆ ಕೈ ಬಿಡಿಸಿಕೊಂಡು ಹಿತ್ತಿಲಿಗೆ ಬಂದಳು.

"ಮಾಮ, ಹಳೇ ಬಾಟಲಿ ಇಟ್ಟಿರೋ ಕೋಣೆ ಬೀಗದ ಕೈ ಕೊಡಿ."

"ಈಗ್ಯಾಕೆ? ಕೂತ್ಕೋ, ಚೆನ್ನಾಗಿ ಕಲಕಿದಾಳೆ."

"ಕೊಡಿ ಮಾಮ," ಎಂದಳು. "ದೇವೇಶನ ಬಾಟಲಿನೂ ನಾನು ಕುಲುಕಿರಲಿಲ್ಲ."