ಭಾನುವಾರ ನಾಲ್ಕರಿಂದ ಐದು

ನನ್ನ ಬಾಯಿ ಕೆಟ್ಟದ್ದು. ಬೇರೆಯವರು ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಯಾರ ಮೇಲೂ ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ನಾನು ಮನೆಯಲ್ಲಿ ಕೂಗಿದರೆ ತೆರಕಣಾಂಬಿ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ತಿರುಗಿ ನೋಡಬೇಕು, ಅಂಥ ಗಂಟಲು. ಅನ್ನ ಮುದ್ದೆಯಾಯಿತೆಂದು ಕೂಗಿದ್ದೇನೆ, ಬೀಗದ ಕೈ ಸಿಗಲಿಲ್ಲವೆಂದು ಕೂಗಿದ್ದೇನೆ, ಯಾಕೆ ಕೂಗುತ್ತೀರಿ ಎಂದು ಕೇಳಿದ್ದಕ್ಕೂ ಕೂಗಿದ್ದೇನೆ. ನನ್ನ ಹೆಂಡತಿ ಮಾನಸ ಒಂಬತ್ತು ವರ್ಷ ಇದನ್ನು ಸಹಿಸಿದಳು. ಹತ್ತನೆಯ ವರ್ಷ ಮಗಳು ನಯನಾಳನ್ನು ಕರೆದುಕೊಂಡು ಕಲ್ಲಿಕೋಟೆಗೆ ಹೊರಟುಹೋದಳು. ನರ್ಸ್ ಆದ್ದರಿಂದ ಅಲ್ಲಿ ಕೆಲಸ ಸಿಕ್ಕಿತು. ತಪ್ಪು ಅವಳದಲ್ಲ.

ಆಗ ನಯನಾಳಿಗೆ ಎಂಟು ವರ್ಷ. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ ಎರಡೂ ಕಿವಿಗೆ ಅಂಗೈ ಒತ್ತಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಎಂಥ ಮನುಷ್ಯ ನಾನು ನೋಡಿ.

ಈಗ ಅವಳಿಗೆ ಹನ್ನೊಂದು. ಎರಡೂವರೆ ವರ್ಷ ಫೋನಿನಲ್ಲಿ ಮಾತಾಡಿದ್ದು ಇಷ್ಟೇ. ಊಟ ಆಯ್ತಾ? ಆಯ್ತು. ಸ್ಕೂಲು? ಹ್ಞೂಂ. ಮತ್ತೆ? ಅಮ್ಮಂಗೆ ಕೊಡ್ಲಾ? ನಾನು ಬೇಡ ಎನ್ನುವಷ್ಟರಲ್ಲಿ ಕಟ್. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ನಾನು ಲ್ಯಾಬ್ ಅಟೆಂಡರ್. ಇಡೀ ದಿನ ಬೇರೆಯವರ ಮಕ್ಕಳು ನನ್ನ ತಲೆ ತಿನ್ನುತ್ತಾರೆ, ನನ್ನ ಮಗಳು ಮಾತ್ರ ಹ್ಞೂಂ ಎಂಬುದರ ಮೇಲೆ ಒಂದಕ್ಷರ ಆಡುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅವಳೇ ಕೇಳಿದಳು. "ಅಪ್ಪ, ನಮ್ಮ ಸ್ಕ್ವಾಡಲ್ಲಿ ಒಬ್ರು ಕಮ್ಮಿ. ನಿಂಗೆ ಗೇಮ್ ಆಡೋಕೆ ಬರುತ್ತಾ?"

"ಬರುತ್ತೆ" ಎಂದುಬಿಟ್ಟೆ. ಎಲ್ಲಿಂದ ಬರಬೇಕು? ಇಸ್ಪೀಟು ಬಿಟ್ಟು ಬೇರೆ ಆಟ ಆಡಿದವನಲ್ಲ. ನಾಲ್ಕು ಜನ ಒಂದು ದ್ವೀಪಕ್ಕೆ ಇಳಿದು, ಬಂದೂಕು ಹುಡುಕಿಕೊಂಡು, ಉಳಿದ ತಂಡಗಳನ್ನು ಹೊಡೆದು ಕೊನೆಯವರೆಗೆ ಉಳಿಯಬೇಕಾದ ಆಟ. ನಯನಾ, ಅವಳ ಕ್ಲಾಸಿನ ಇಬ್ಬರು ಹುಡುಗಿಯರು, ನಾಲ್ಕನೆಯವನು ನಾನು. ಆಡುತ್ತಲೇ ಹೆಡ್‌ಫೋನಿನಲ್ಲಿ ಮಾತಾಡಬಹುದು. ಮಾನಸ ಫೋನ್ ತೆಗೆದುಕೊಂಡು ಕಾನೂನು ಹೇಳಿದಳು. "ಭಾನುವಾರ ನಾಲ್ಕರಿಂದ ಐದು. ಒಂದೇ ಒಂದು ಸಲ ಕೂಗಿದ್ರೂ ಅಲ್ಲಿಗೆ ಮುಗೀತು. ಅವಳಿಗೆ ಈಗೀಗ ನಿದ್ದೆ ಸರಿಯಾಗಿ ಬರ್ತಿದೆ." ನಾನು ಆಯ್ತು ಎಂದೆ. ಸಿಟ್ಟು ಬರಲಿಲ್ಲ, ಆಶ್ಚರ್ಯ.

ಮೊದಲ ಮೂರು ಭಾನುವಾರ ನನ್ನಿಂದಾಗಿ ಸೋತರು. ಮೊಬೈಲ್ ನೆಟ್ ಹಚ್ಚಿಕೊಂಡು ಆಡುತ್ತಿದ್ದೆ. ನಾನು ಗುಂಡು ಹಾರಿಸಿದರೆ ಅದು ಹೊರಡುವಷ್ಟರಲ್ಲಿ ಎದುರಾಳಿ ಪಕ್ಕದ ಬೆಟ್ಟ ಹತ್ತಿರುತ್ತಿದ್ದ. ಒಬ್ಬ ಹುಡುಗಿ ಕಿಸಕ್ಕನೆ ನಗುತ್ತಿದ್ದಳು. ನಯನಾ ನಗುತ್ತಿರಲಿಲ್ಲ. "ಪರವಾಗಿಲ್ಲ ಅಪ್ಪ" ಎನ್ನುತ್ತಿದ್ದಳು, ಆ ಪರವಾಗಿಲ್ಲ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು. ನಾಲ್ಕನೆಯ ವಾರ ಇನ್ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ ಎಂದು ನನಗೆ ಹೆದರಿಕೆ ಹತ್ತಿತು.

ಚಾಮರಾಜನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸುಧಾಕರನ ಹತ್ತಿರ ಓಡಿದೆ. ಯಾವುದು ಹೆಚ್ಚು ಸ್ಪೀಡಿನದು ಎಂದು ಕೇಳಿದೆ.

"ಸ್ಪೀಡ್ ಕೇಳ್ಬ್ಯಾಡಿ ಸಾರ್, ಎಲ್ಲಾರೂ ಅದ್ನೇ ಕೇಳ್ತಾರ" ಎಂದ. "ಸ್ಪೀಡು ಸಿನಿಮಾ ನೋಡಕ್ಕ. ಆಟಕ್ಕ ಬೇಕಾದ್ದು ಪಿಂಗು. ನೀವಿಲ್ಲಿ ಒತ್ತಿದ್ದು ಅಲ್ಲಿಗ ಹೋಗಿ ವಾಪಸ್ ಬರಕ್ಕ ಎಷ್ಟೊತ್ತು ತಕ್ಕತದ ಅನ್ನೋ ಲೆಕ್ಕ. ಐವತ್ತರ ಒಳಗಿದ್ರ ನೀವು ಮನುಷ್ಯ. ಇನ್ನೂರು ದಾಟ್ತಾ, ಹೆಣ."

"ನಂದು ಮುನ್ನೂರ ನಲವತ್ತು ತೋರಿಸ್ತದಲ್ಲಯ್ಯ."

"ಹಂಗಾದ್ರ ತಿಥೀನೂ ಆಗದ ಬುಡಿ" ಎಂದು ನಕ್ಕ.

ಮನೆಗೆ ತಂದಿಟ್ಟುಕೊಳ್ಳುವ ವೈರ್‌ಲೆಸ್ ಡಬ್ಬಿಯೊಂದನ್ನು ಎರಡು ದಿನ ನೋಡಿ ಎಂದು ಕೊಟ್ಟ. ಬೆಳಿಗ್ಗೆ ಐವತ್ತು, ಸಂಜೆ ಊರಿನವರೆಲ್ಲ ಮೊಬೈಲ್ ಹಿಡಿದರೆ ಇನ್ನೂರೈವತ್ತು. ವಾಪಸ್ ಕೊಟ್ಟೆ. ಗುಂಡ್ಲುಪೇಟೆಯವನೊಬ್ಬ ಮಾಳಿಗೆಯ ಮೇಲೆ ಸಿಗ್ನಲ್ ಹಿಡಿಯುವ ತಟ್ಟೆ ಕೂರಿಸುತ್ತೇನೆ ಎಂದು ಬಂದ. ಟವರ್ ಇರುವ ದಿಕ್ಕಿಗೆ ತೆಂಗಿನ ಮರಗಳು ಅಡ್ಡ, ಕಡಿಸಿ ಎಂದ. ನನ್ನ ತಾಯಿ ದೊಡ್ಡಮಲ್ಲಮ್ಮ ಅವನಿಗೆ ನೀರು ಕೊಟ್ಟು ಕಳಿಸಿದಳು, ಮಾತೇ ಆಡಲಿಲ್ಲ. ಉಳಿದದ್ದು ಫೈಬರ್. ತೆರಕಣಾಂಬಿಯ ಕೇಬಲ್ ಟೀವಿಯ ಕರಿಬಸವಯ್ಯ ಈಗ ಅದನ್ನೂ ಕೊಡುತ್ತಾನೆ. ನಮ್ಮ ಮನೆ ಊರಾಚೆ ಹೊಲದಲ್ಲಿದೆ, ಅವನ ವೈರು ದೊಡ್ಡ ರಸ್ತೆಯವರೆಗೆ ಮಾತ್ರ ಬಂದಿತ್ತು.

"ರಸ್ತೆ ಬದೀಲಿ ಕಂಬ ನೆಟ್ಕ ಬರನ ಅಂದ್ರ ಒಂದು ತಿಂಗ್ಳು ತಡೀಬೇಕು ಸ್ವಾಮಿ" ಎಂದ ಕರಿಬಸವಯ್ಯ. "ಹೊಲದೊಳ್ಗ ಮರದಿಂದ ಮರಕ್ಕ ಎಳುದ್ರ ನಾಳೇನೇ. ಆದ್ರ ಕಂಬದ್ದೇ ಗಟ್ಟಿ."

ತಿಂಗಳು ಎಂದರೆ ನಾಲ್ಕು ಭಾನುವಾರ. "ಮರದ ಮೇಲೇ ಎಳೀರಿ" ಎಂದೆ. ನವೆಂಬರು. ಹೊಲದಲ್ಲಿ ಅರಿಶಿನ ಸೊಂಟದೆತ್ತರ ನಿಂತಿತ್ತು. ವೈರು ರಸ್ತೆಯಿಂದ ಸಿಲ್ವರ್ ಮರಕ್ಕೆ, ಅಲ್ಲಿಂದ ತೆಂಗಿಗೆ, ತೆಂಗಿನಿಂದ ಹೊಲದ ಬದುವಿನ ಹೊಂಗೆಗೆ, ಹೊಂಗೆಯಿಂದ ನಮ್ಮ ಸೂರಿಗೆ ಬಂತು. ಏಣಿ ಹಿಡಿದುಕೊಂಡವನು ನಾನೇ. ಸಾಯಂಕಾಲ ಪಿಂಗು ನೋಡಿದರೆ ಹದಿನೆಂಟು. ನನ್ನ ಮದುವೆಯ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಆಮೇಲಿನ ಭಾನುವಾರಗಳ ಬಗ್ಗೆ ಹೇಳಲು ನನಗೆ ಸರಿಯಾಗಿ ಬರುವುದಿಲ್ಲ. ಹುಲ್ಲಿನ ಮರೆಯಲ್ಲಿ ಅವಿತು ಕೂತಾಗ ನಯನಾ ಮಾತಾಡುತ್ತಿದ್ದಳು. ತನಗೆ ಗಣಿತದ ಮೇಷ್ಟ್ರು ಕಂಡರಾಗದು, ಪಕ್ಕದ ಮನೆಯ ಬೆಕ್ಕು ಇವರ ಚಪ್ಪಲಿ ಸ್ಟ್ಯಾಂಡಿನಲ್ಲಿ ಮರಿ ಹಾಕಿದೆ, ಅಮ್ಮನಿಗೆ ನೈಟ್ ಡ್ಯೂಟಿ ಇದ್ದರೆ ತಾನೇ ಪುಟ್ಟು ಮಾಡಿಕೊಳ್ಳುತ್ತಾಳೆ. ನಾನು ಮಾತು ನಿಲ್ಲದಿರಲಿ ಎಂದು ಶತ್ರು ಕಂಡರೂ ಗುಂಡು ಹಾರಿಸುತ್ತಿರಲಿಲ್ಲ. ಆ ಇಬ್ಬರು ಹುಡುಗಿಯರೂ ನನ್ನನ್ನು ನಯನಯುಡೆ ಅಚ್ಛನ್ ಎನ್ನುತ್ತಿದ್ದರು. ನಯನಾಳ ಅಪ್ಪ. ಗುಂಡ್ಲುಪೇಟೆಯಲ್ಲಿ ಇದ್ದವನಿಗೆ ಅಷ್ಟು ಮಲಯಾಳ ಬರುತ್ತದೆ. ಒಂದು ಸಲವೂ ಕೂಗಲಿಲ್ಲ. ಸತ್ತರೂ ಕೂಗಲಿಲ್ಲ, ಗೆದ್ದರೂ ಕೂಗಲಿಲ್ಲ. ಜನವರಿ ಕೊನೆಯಲ್ಲಿ ಅವಳೇ ಹೇಳಿದಳು, ಏಪ್ರಿಲ್ ರಜೆಗೆ ನಾಲ್ಕು ದಿನ ತೆರಕಣಾಂಬಿಗೆ ಬರಬಹುದಾ ಎಂದು ಅಮ್ಮನನ್ನು ಕೇಳಿದ್ದಾಳೆ, ಅಮ್ಮ ನೋಡೋಣ ಅಂದಿದ್ದಾರೆ ಎಂದು. ಮಾನಸಳ ನೋಡೋಣ ಎಂದರೆ ಮುಕ್ಕಾಲು ಪಾಲು ಒಪ್ಪಿಗೆ ಅಂತ ಅರ್ಥ. ಅವ್ವನಿಗೆ ಹೇಳಿದೆ. ಅವ್ವ ಎದ್ದುಹೋಗಿ ದೇವರ ಗದ್ದುಗೆಯ ಮುಂದೆ ದೀಪ ಹಚ್ಚಿದಳು.

ಫೆಬ್ರವರಿಯ ಎರಡನೆಯ ಭಾನುವಾರ ನಯನಾಳ ಅಪಾರ್ಟ್‌ಮೆಂಟಿನ ಮಕ್ಕಳು ತಂಡ ಕಟ್ಟಿಕೊಂಡು ಪಂದ್ಯ ಇಟ್ಟುಕೊಂಡರು. "ಅಪ್ಪ, ನೀನು ಇರಲೇಬೇಕು" ಎಂದಳು. ನಮ್ಮ ಮನೆಯ ಅರಿಶಿನ ಬೇಯಿಸುವ ಸರದಿಯೂ ಅದೇ ಭಾನುವಾರ ಬಂತು. ಕಿತ್ತ ಅರಿಶಿನವನ್ನು ಬೇಯಿಸಿ ಒಣಗಿಸಬೇಕು. ಅದಕ್ಕೆ ಬೇಕಾದ ತಾಮ್ರದ ದೊಡ್ಡ ಕೊಪ್ಪರಿಗೆ ಹದಿನೈದು ಮನೆಗೆ ಒಂದೇ. ಇವತ್ತು ನಮ್ಮದು, ನಾಳೆ ಮುದ್ದಯ್ಯನ ಮನೆಗೆ. ಸರದಿ ತಪ್ಪಿದರೆ ಹದಿನೈದು ದಿನ ಕಾಯಬೇಕು, ಅಷ್ಟರಲ್ಲಿ ಗೆಡ್ಡೆಗೆ ಮೊಳಕೆ ಬರುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಹೊಲಕ್ಕೆ ಹೋದರೆ ಆಳು ಮಾರಯ್ಯ ಒಲೆಗುಂಡಿಯ ಹುಲ್ಲು ಕೆತ್ತುತ್ತಿದ್ದ. ಅವ್ವ ಊದುಕಡ್ಡಿ ಹಚ್ಚಿ ಕಾಯಿ ಒಡೆಯಲು ನಿಂತಿದ್ದಳು. ನಾನು ತಲೆ ಎತ್ತಿದೆ. ಒಲೆಗುಂಡಿಯ ನೆತ್ತಿಗೆ ಸರಿಯಾಗಿ ಹೊಂಗೆಯ ಕೊಂಬೆ, ಕೊಂಬೆಗೆ ಕಟ್ಟಿದ ಕಪ್ಪು ವೈರು.

ಆ ಗುಂಡಿಯನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಪ್ರತಿ ವರ್ಷ ಅದರ ಬೂದಿ ಬಳಿದವನು ನಾನು. ನವೆಂಬರಿನಲ್ಲಿ ಅದರ ಮೇಲೆ ಹುಲ್ಲು ಬೆಳೆದಿತ್ತು, ನನ್ನ ತಲೆಯಲ್ಲಿ ಪಿಂಗು ಬೆಳೆದಿತ್ತು, ಕಾಣಲಿಲ್ಲ. ಥೂ.

"ಅವ್ವ, ಒಲೆ ಆ ಕಡೀಕ ಹೂಡನ" ಎಂದೆ.

"ನಿಮ್ ತಾತ ಹೂಡಿದ್ ಜಾಗ ಕಣ್ಲಾ. ವರ್ಸಾ ವರ್ಸ ಇಲ್ಲೇ ಬೆಂದದ. ಪೂಜೆಗ ನಿಂತ್ಮ್ಯಾಲ ಒಲೆ ಕದಲುಸ್ತಾರಾ?"

ಮಾರಯ್ಯನೂ ಮೇಲೆ ನೋಡಿದ. "ವೈರು ಎಲ್ಲದ, ಬೆಂಕಿ ಎಲ್ಲದ ಬುಡಿ ಸ್ವಾಮಿ. ಸಣ್ಣಕ ಉರುಸ್ತೀನಿ."

ಹನ್ನೆರಡು ಅಡಿ ಎತ್ತರ ಇದ್ದೀತು. ನಾಲ್ಕಕ್ಕೆ ಇನ್ನೂ ಮೂರು ಗಂಟೆ ಇತ್ತು, ಗುದ್ದಲಿ ಅಲ್ಲೇ ಬಿದ್ದಿತ್ತು. ಹತ್ತು ಮಾರು ಆಚೆ ಇನ್ನೊಂದು ಗುಂಡಿ ತೋಡಿದ್ದರೆ ಆಗುತ್ತಿತ್ತು. ಅವ್ವ ಸ್ವಲ್ಪ ಗೊಣಗುತ್ತಿದ್ದಳು, ಅಷ್ಟೇ. ನಾನು ಲೆಕ್ಕ ಹಾಕಿದೆ, ಏನಾಗಲ್ಲ ಎಂದುಕೊಂಡೆ, ಮೀಸೆ ತಿರುವಿಕೊಂಡು ಸ್ನಾನಕ್ಕೆ ಹೋದೆ.

ನಾಲ್ಕಕ್ಕೆ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಆಗಲೇ ಅವ್ವ ಕಿಟಕಿಗೆ ಬಂದು, "ಇದೊಂದು ಕೊಪ್ರುಗ ಅದ ಮಗ. ಬಿರ್‍ರನ ಮುಗುಸ್ಬುಟ್ಟು ಬತ್ತೀನಿ. ಕೂಸಿನ ದನಿ ನಂಗೂ ವಸಿ ಕೇಳುಸ್ಲಾ" ಎಂದಳು. ಆಯ್ತು ಹೋಗವ್ವ ಎಂದೆ.

ಪಂದ್ಯ ಚೆನ್ನಾಗಿ ನಡೆದಿತ್ತು. ಹದಿನೈದು ನಿಮಿಷ ಕಳೆದು ಮೂರೇ ತಂಡ ಉಳಿದಿದ್ದವು. "ಅಪ್ಪ, ಕಲ್ಲಿನ ಹಿಂದೆ ಬಾ, ನಾನು ನೋಡ್ಕೋತೀನಿ" ಎಂದು ನಯನಾ ಪಿಸುಗುಟ್ಟಿದಳು. ನಾನು ಕಲ್ಲಿನ ಹಿಂದೆ ಹೋಗುತ್ತಿದ್ದಂತೆ ಚಿತ್ರ ನಿಂತಿತು. ಗೋಡೆಯ ಫೈಬರ್ ಡಬ್ಬಿಯ ಮೇಲೆ ಕೆಂಪು ದೀಪ. ಕಿಟಕಿಯಲ್ಲಿ ನೋಡಿದರೆ ಹೊಂಗೆಯ ಕೆಳಗೆ ಆಳೆತ್ತರದ ಉರಿ. ಮಾರಯ್ಯ ಬೆಂದ ಗೆಡ್ಡೆ ಹೊತ್ತು ಕಣಕ್ಕೆ ಹೋಗಿದ್ದ. ಅವ್ವ ಒಣಗಿದ ಅರಿಶಿನದ ಸೋಗೆಯನ್ನು ತಬ್ಬು ತಬ್ಬು ತಂದು ಒಲೆಗೆ ತುರುಕುತ್ತಿದ್ದಳು. ಬೇಗ ಮುಗಿಸಬೇಕಲ್ಲ. ವೈರು ಕರಗಿ ಜೋತುಬಿದ್ದಿತ್ತು.

ಲ್ಯಾಪ್‌ಟಾಪನ್ನು ಮೊಬೈಲಿನ ನೆಟ್ಟಿಗೆ ಸೇರಿಸಿದೆ. ಮತ್ತೆ ಆಟದೊಳಗೆ ಹೋದೆ. ಪಿಂಗು ಮುನ್ನೂರ ತೊಂಬತ್ತು. ನನ್ನ ಮನುಷ್ಯ ಒಂದು ಕಾಲು ಎತ್ತಿಕೊಂಡು ಬಯಲಲ್ಲಿ ನಿಂತಿದ್ದ. ಅವನನ್ನು ಕಾಪಾಡಲು ನಯನಾ ಮರೆಯಿಂದ ಹೊರಗೆ ಬಂದಳು, ಅವಳಿಗೆ ಗುಂಡು ಬಿತ್ತು. "ಅಪ್ಪ! ಅಪ್ಪ, ಏನ್ ಮಾಡ್ತಿದ್ದೀಯ?" ಎಂದಳು.

ನಾನು ಕಿಟಕಿಗೆ ತಿರುಗಿ ಬಾಯಿ ಬಿಟ್ಟೆ.

"ಬುದ್ಧಿ ಅದಾ ನಿಂಗ? ಸಣ್ಣಕ ಉರುಸ್ತೀನಿ ಅಂತ ಮಾರಯ್ಯ ಅನ್ಲಿಲ್ವಾ? ಎಲ್ಲಾ ಸುಟ್‌ಬುಟ್ಟಲ್ಲ! ವಯಸ್ಸಾಯ್ತು, ಸಾಯ್ಬಾರ್ದಾ ನೀನು? ಸಾಯ್ಬಾರ್ದಾ?"

ಇನ್ನೂ ಏನೇನೋ. ಮೂರು ವರ್ಷದ್ದೆಲ್ಲ ಒಟ್ಟಿಗೆ ಬಂತು. ಅವ್ವ ಸೋಗೆ ತಬ್ಬಿಕೊಂಡೇ ನಿಂತಳು. ಉಸಿರು ಮುಗಿದ ಮೇಲೆ ನಾನು ನಿಲ್ಲಿಸಿದೆ. ಹೆಡ್‌ಫೋನು ತಲೆಯ ಮೇಲೇ ಇತ್ತು, ಮೈಕು ಬಾಯಿಯ ಮುಂದೇ ಇತ್ತು. ಆಟವನ್ನು ಹೊರಲಾರದ ಆ ದರಿದ್ರ ನೆಟ್ಟು ನನ್ನ ಕೂಗನ್ನು ಮಾತ್ರ ಒಂದಕ್ಷರ ಬಿಡದೆ ಕಲ್ಲಿಕೋಟೆಗೆ ಹೊತ್ತುಕೊಂಡು ಹೋಗಿತ್ತು.

ಆ ಕಡೆ ನಗುವ ಹುಡುಗಿಯೂ ನಗಲಿಲ್ಲ. ಕೊನೆಗೆ ಅವಳೇ ಮೆಲ್ಲಗೆ ಕೇಳಿದಳು, "ನಿಂಡೆ ಅಚ್ಛನಾಣೋ ಅದ್?" ಅದು ನಿನ್ನ ಅಪ್ಪನಾ ಎಂದು.

"ಅಲ್ಲ" ಎಂದಳು ನಯನಾ.

ಆ ಮಾತು ಅವರಲ್ಲೂ ನಮ್ಮಲ್ಲೂ ಒಂದೇ. ಅವಳ ದನಿ ಅಳುವಂತಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೇಗ ಹೇಳಿ ಮುಗಿಸುವವಳ ಹಾಗಿತ್ತು. ಆಮೇಲೆ ಮೂರೂ ಹೆಸರು ಒಂದೊಂದಾಗಿ ಆರಿದವು. ನಯನಾ ಎಂದು ಎರಡು ಸಲ ಕರೆದೆ, ಮೆಲ್ಲಗೇ ಕರೆದೆ. ಹತ್ತು ನಿಮಿಷ ಬಿಟ್ಟು ಮಾನಸಳ ಮೆಸೇಜು ಬಂತು. "ಇನ್ನು ಬೇಡ. ಏಪ್ರಿಲ್ ಕೂಡ." ಬೈಗುಳ ಒಂದಾದರೂ ಇದ್ದಿದ್ದರೆ ತಿರುಗಿ ಬರೆಯುತ್ತಿದ್ದೆನೇನೋ.

ಐದಕ್ಕೆ ಇನ್ನೂ ಸಮಯವಿತ್ತು. ಅವ್ವ ಕೈಕಾಲು ತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ಹುಬ್ಬು ಸ್ವಲ್ಪ ಸುಟ್ಟಿತ್ತು. ನಾನು ಅಷ್ಟು ಅಂದಿದ್ದನ್ನು ಹೊಸಲಿನಾಚೆ ಬಿಟ್ಟುಬಂದವಳಂತೆ ನನ್ನ ಪಕ್ಕ ನೆಲದ ಮೇಲೆ ಕೂತಳು.

"ಕೂಸು ಮಾತಾಡ್ತಾ ಅದಾ? ನಂಗ ವಸಿ ಕೊಡ್ಲಾ."

"ನೆಟ್‌ವರ್ಕ್ ಹೋಯ್ತು ಕಣವ್ವ."

ಅವ್ವ ಕೆಂಪು ದೀಪದ ಕಡೆ ನೋಡಿದಳು. "ನನ್ನಿಂದ್ಲೇ ಆಯ್ತು" ಎಂದಳು. "ಮುದಿ ಮುಂಡೇದು, ಬಿರ್‍ರನ ಬರನ ಅಂತ ಹೋಗಿ ಸುಟ್‌ಬುಟ್ಟೆ. ಹೋಗ್ಲಿ ಬುಡು, ಯೇಪ್ರಿಲ್‌ಗ ಬತ್ತದಲ್ಲ, ಆಗ ಪಕ್ಕದಲ್ಲೇ ಮನುಗುಸ್ಕಂಡು ಮಾತಾಡ್ತೀನಿ. ಬೇಜಾರ್ ಮಾಡ್ಕಬ್ಯಾಡ ನೀನು."

ನಿನ್ನಿಂದಲ್ಲ ಅವ್ವ ಎಂದು ಹೇಳಬೇಕಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಊರಿಗೆಲ್ಲ ಕೇಳುವ ಗಂಟಲಿನವನು ನಾನು, ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಸುಟ್ಟಿದ್ದು ತಾನೇ ಎಂದು ಅವ್ವ ಇವತ್ತಿಗೂ ನಂಬಿದ್ದಾಳೆ.