ಬೋರಯ್ಯನ ಕಾಲಿನ ಗೆರೆ

ತೊಂಬತ್ತಾರರ ಮಾತು. ಹೊಣಕೆರೆ ಪಕ್ಕದ ಊರಿನ ಬೋರಯ್ಯನ ಮೀನಖಂಡವನ್ನು ಸೀಮೆಹಸು ಒದ್ದು ಸೀಳಿತು. ಆಸಾಮಿ ಅದಕ್ಕೆ ಸಗಣಿ ಮೆತ್ತಿಕೊಂಡು ಹಾಲು ಕರೆಯಲು ಕೂತ! ಕಾಲು ಕೆಂಪಗೆ ಊದಿಕೊಂಡ ಮೇಲೆ ಹೆಂಡತಿ ಚಿಕ್ಕಬೋರಮ್ಮ ಬಯ್ದು ಬಯ್ದು ಡಾಕ್ಟರ ಹತ್ತಿರ ಎಳೆದೊಯ್ದಳು.

ಡಾಕ್ಟರು ಗಾಯ ತೊಳೆದು ಸೂಜಿ ಚುಚ್ಚಿದರು. "ದೊಡ್ಡಾಸ್ಪತ್ರೆಗೆ ಸೇರ್ಕೊಳಿ. ನಂಜು ಮಾಂಸಕ್ಕಿಳಿದಿರಬಹುದು."

"ಆಲು ಕರೆಯೋರ್ ಯಾರು ಸಾ?" ಅಂದ ಬೋರಯ್ಯ. ಭೂಪ!

ಡಾಕ್ಟರು ಸೋತು, ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು. "ಕೆಂಪು ಇದನ್ನ ದಾಟಿದ್ರೆ ನಿಂತ ಕಾಲಲ್ಲಿ ಹೊರಡಿ. ತಡವಾದ್ರೆ ಜೀವಕ್ಕೇ ಅಪಾಯ." ಗೆರೆಗಿಂತ ಮೇಲೆ, ಮೊಣಕಾಲ ಹತ್ತಿರ, ಬೋರಯ್ಯನ ಕರಿ ಮಚ್ಚೆಯಿತ್ತು.

ಚಿಕ್ಕಬೋರಮ್ಮ ಹೊತ್ತಿಗೊಮ್ಮೆ ಪಂಚೆ ಸರಿಸಿ ನೋಡುವಳು. ಕೆಂಪು ಗೆರೆಯೊಳಗೇ ಇರುತ್ತಿತ್ತು. ಸದ್ಯ, ಬದುಕಿದೆವು ಅಂದುಕೊಳ್ಳುವಳು. ಆದರೆ ಮನೆಯಲ್ಲಿ ಎಂಥದೋ ನಾತ. ಹಸು ಬೋರಯ್ಯನನ್ನು ಹತ್ತಿರ ಸೇರಿಸದೆ ಹಗ್ಗ ಜಗ್ಗುತ್ತಿತ್ತು.

ಮಾರನೇ ಮಧ್ಯಾಹ್ನ ಬೋರಯ್ಯ ನಕ್ಕ. "ನೋವೇ ಇಲ್ಲ ಕಣಮ್ಮಿ. ಕಾಲು ನಂದೇ ಅಲ್ವೇನೋ ಅನ್ನಂಗೈತೆ."

ಅವಳು ಒತ್ತಿ ನೋಡಿದಳು. ಚರ್ಮದಡಿ ಒಣ ತರಗು ತುಳಿದಂತೆ ಚರಚರ ಅಂದಿತು. ಅಯ್ಯೋ ಶಿವನೇ! ಕೈ ಎಳೆದುಕೊಂಡವಳ ಕಣ್ಣಿಗೆ ಬಿತ್ತು: ಗೆರೆ ನೆಟ್ಟಗೇ ಇದೆ, ಆದರೆ ಅದರ ಮೇಲಿದ್ದ ಮಚ್ಚೆ ಈಗ ಅದರ ಒಳಗಿದೆ.

"ಈ ಗೆರೆ ಯಾರು ಎಳೆದೋರು?" ಕಿರುಚಿದಳು.

"ನಾನೇ ಕಣಮ್ಮಿ," ಅಂದಳು ಅತ್ತೆ ಮಾದಮ್ಮ. ಊರಲ್ಲಿ ಯಾರಿಗೆ ಸರ್ಪಸುತ್ತು ಎದ್ದರೂ ಕೆಮ್ಮಣ್ಣಿನ ಗೆರೆ ಎಳೆದು, ಅದು ಹರಡದಂತೆ ಕಟ್ಟು ಹಾಕುತ್ತಿದ್ದ ಕೈ ಅದು. "ಡಾಕ್ಟ್ರು ಆಕಿದ್ ಕಟ್ಟು ಗಟ್ಟಿ ಇರ್ನಿಲ್ಲ. ಕೆಂಪು ದಾಟ್ದಂಗೆಲ್ಲ ಗೆರೆಯ ಎಂಜಲಚ್ಚಿ ಅಳಿಸಿ, ಆಲಿನ ಡೈರಿ ಲೆಕ್ಕದ ಪೆನ್ನಾಗೆ ಮುಂದಕ್ಕೆ ಎಳೆದೆ. ನನ್ ಮಗನ್ನ ಅಂಗೇ ಬುಟ್ಬುಡ್ಲಾ?"

ಬಯ್ಯಲು ಬಾಯಿ ತೆರೆದ ಚಿಕ್ಕಬೋರಮ್ಮನಿಗೆ ಮುದುಕಿಯ ಬೆರಳಿಗೆ ಮೆತ್ತಿದ ಶಾಯಿ ಕಂಡು ಅಳು ಬಂತು.

ಬಾಡಿಗೆ ಕಾರಿನಲ್ಲಿ ಮೈಸೂರಿಗೆ ಓಡಿದರು. "ಒಳಗೆ ಮಾಂಸ ಸತ್ತಿದೆ. ಸತ್ತದ್ದಕ್ಕೆ ಔಷಧಿ ಮುಟ್ಟಲ್ಲ. ಕಾಲು ತೆಗೆದ್ರೆ ಜೀವ ಉಳೀಬಹುದು," ಎಂದು ಆಪರೇಷನ್ ಡಾಕ್ಟರು ಚಿಕ್ಕಬೋರಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. ಆಮೇಲೆ ಬೋರಯ್ಯನ ತೊಡೆಯ ಸುತ್ತ ದಪ್ಪ ಪೆನ್ನಿನಿಂದ ಗೆರೆ ಎಳೆದರು.

ಮಾದಮ್ಮ ಬಗ್ಗಿ ನೋಡಿ ಕೈ ಮುಗಿದಳು. "ಈ ಗೆರೆ ಗಟ್ಟಿಯಾಗೈತೆ ಕಣಮ್ಮಿ. ಇದ ದಾಟಾಕಿಲ್ಲ."

ಅದು ಕಾಲು ಕತ್ತರಿಸುವ ಗೆರೆ ಎಂದು ಹೇಳಲು ಚಿಕ್ಕಬೋರಮ್ಮನಿಗೆ ಬಾಯಿ ಬರಲಿಲ್ಲ.