ಟವಲ್ ಹಾಕಿದ ಸೀಟು

ಕಿಟಕಿಯಿಂದ ಒಳಕ್ಕೆ ಹಾರಿಬಂದ ಹಸಿರು ಟವಲ್ಲು ಮುಂದಿನ ಸೀಟಿನ ಮೇಲೆ ಬಿತ್ತು, ಹಿಂದೆಯೇ ಒಂದು ಛತ್ರಿ, ಆಮೇಲೆ ಹೊರಗಿನಿಂದ ಒಂದು ಕೈ ಬಂದು ಟವಲನ್ನು ಅಗಲವಾಗಿ ಹರಡಿ ಮಾಯವಾಯಿತು — ಅಷ್ಟಾದರೆ ಮುಗಿಯಿತು, ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಇನ್ನು ಮಹಾರಾಜರೇ ಬಂದರೂ ಆ ಸೀಟಿನ ಪಕ್ಕ ನಿಂತೇ ಹೋಗಬೇಕು, ಬೋರ್ಡಿಂಗ್ ಪಾಸು ಬೇಡ, ಗುರುತಿನ ಚೀಟಿ ಬೇಡ, ಒಂದು ಮೊಳ ಬಟ್ಟೆ ಸಾಕು, ಕುಮಾರಸ್ವಾಮಿ ತನ್ನ ಪಕ್ಕಕ್ಕೆ ನೋಡಿಕೊಂಡ, ಇದೆ, ಅವನ ಟವಲ್ಲೂ ಇದೆ, ಬಿಳಿಯದು, ಕೆಂಪಂಚಿನದು, ನಾಲ್ಕು ಮಡಿಕೆ ಮಾಡಿ ಕಿಟಕಿ ಪಕ್ಕದ ಸೀಟಿನ ಮೇಲೆ ಹಾಕಿದ್ದಾನೆ, ರಂಜಿನಿಗೆ ಗಾಳಿ ಬೇಕು, ಗಾಳಿ ಇಲ್ಲದಿದ್ದರೆ ತೆರಕಣಾಂಬಿ ಬರುವಷ್ಟರಲ್ಲಿ ವಾಂತಿ, ಪೈಲಟ್ಟನ ಹೆಂಡತಿಗೆ ಕೆಂಪು ಬಸ್ಸೇ ಆಗಿಬರುವುದಿಲ್ಲವಲ್ಲ ಎಂದು ಮದುವೆಯಾದ ಹೊಸತರಲ್ಲಿ ಎಷ್ಟು ರೇಗಿಸಿದ್ದ, ಈಗ ಎರಡೂ ಹತ್ತು, ಗುಂಡ್ಲುಪೇಟೆ ಬಸ್ಸು ಹೊರಡುವುದು ಎರಡೂವರೆಗೆ, ಇನ್ನೂ ಇಪ್ಪತ್ತು ನಿಮಿಷವಿದೆ, ನೀವು ಓಗಿರಿ, ನೋಡನ ಅಂದಿದ್ದಳು ಬೆಳಿಗ್ಗೆ ತನ್ನಪ್ಪನ ಮನೆಯ ಹೊಸ್ತಿಲಲ್ಲಿ ನಿಂತು, ನೋಡನ ಅಂದವಳು ಬರುವುದಿಲ್ಲ ಅಂದಂತೇನೂ ಅಲ್ಲವಲ್ಲ, ಫೋನು ಮಾತ್ರ ಮಾಡಬೇಡಿ ಅಂದಳು, ಮಾಡುವುದಿಲ್ಲ, ಜೇಬಿನಲ್ಲಿ ಮೊಬೈಲು ಬೆಚ್ಚಗೆ ಎದೆಗೆ ಒತ್ತುತ್ತಿದೆ, ಅದರ ಹಿಂದೆ ಎರಡು ಕಾಗದ.

ಎರಡು ಕಾಗದ, ಒಂದು ಬೆಂಗಳೂರಿನ ಕಂಪನಿಯದು, ರೆಕ್ಕೆಗೆ ಫ್ಯಾನು ಕಟ್ಟಿದಂಥ ಪುಟ್ಟ ವಿಮಾನ, ಬೆಳಿಗ್ಗೆ ಹುಬ್ಬಳ್ಳಿ, ಮಧ್ಯಾಹ್ನ ಕೊಚ್ಚಿ, ಸಂಜೆಗೆ ತಿರುಗಿ ಬೆಂಗಳೂರು, ರಾತ್ರಿ ಮನೆ ಊಟ, ಆದರೆ ಇನ್ನೂ ಮೂರು ವರ್ಷ ಕೋಪೈಲಟ್ಟಾಗಿಯೇ ಕೂರಬೇಕು, ಇನ್ನೊಂದು ಈಗಿರುವ ಕೋಲ್ಕತ್ತದ ಕಂಪನಿಯದು, ಜೆಟ್ಟು, ಆರು ತಿಂಗಳಲ್ಲಿ ಕ್ಯಾಪ್ಟನ್, ಭುಜಕ್ಕೆ ನಾಲ್ಕನೇ ಪಟ್ಟಿ, ಸಂಜೆ ಐದರೊಳಗೆ ಎರಡರಲ್ಲಿ ಒಂದಕ್ಕೆ ಹೂಂ ಅನ್ನಬೇಕು, ಅವಳು ಬಂದರೆ ಬೆಂಗಳೂರು, ಬರದಿದ್ದರೆ — ಬರದಿದ್ದರೆ ಅನ್ನುವುದರ ಮುಂದಕ್ಕೆ ಅವನ ತಲೆ ಹೋಗುವುದಿಲ್ಲ, ಎರಡು ವರ್ಷದ ಹಿಂದೆಯೂ ಹೀಗೇ, ಇವೇ ಎರಡು ಕಂಪನಿ, ಎರಡು ಸಾವಿರದ ಐದು, ದಿನಕ್ಕೊಂದು ವಿಮಾನ ಕಂಪನಿ ಹುಟ್ಟುತ್ತಿದ್ದ ಕಾಲ, ಪೈಲಟ್ಟುಗಳನ್ನು ಮದುವೆ ಗಂಡಿನ ಹಾಗೆ ಹುಡುಕಿಕೊಂಡು ಬರುತ್ತಿದ್ದರು, ಗುಂಡ್ಲುಪೇಟೆ ಮನೆಯ ಜಗುಲಿಯಲ್ಲಿ ಎರಡೂ ಕಾಗದ ಹರಡಿಕೊಂಡು ಕೂತಿದ್ದಾಗ ರಂಜಿನಿ ಈರುಳ್ಳಿ ಹೆಚ್ಚುತ್ತ ಬೆಂಗಳೂರಿನ ಕಾಗದದ ಕಡೆ ಗಲ್ಲ ಎತ್ತಿ ತೋರಿಸಿದಳು, ಚಿಕ್ಕದಾದ್ರೇನು ಕಣಿ, ಮನೆಗೆ ಬರೋ ಇಮಾನ ಅಲ್ವಾ ಅದು, ಅವನು ನಕ್ಕ, ಅಷ್ಟು ಜೋರಾಗಿ ಯಾಕೆ ನಕ್ಕನೋ, ಒಳಗಿನಿಂದ ಅವ್ವ ಶಿವಮ್ಮನೂ ನಕ್ಕಳು, ಎರಡೇ ವರ್ಷ ಕಣಮ್ಮಿ, ಕ್ಯಾಪ್ಟನ್ ಆಗಿ ಬಂದುಬಿಡುತ್ತೇನೆ ಅಂದ, ಅವಳು ಈರುಳ್ಳಿಗೆ ಕಣ್ಣು ಒರೆಸಿಕೊಂಡಳು, ಈರುಳ್ಳಿಗೇ ಇರಬೇಕು ಅಂದುಕೊಂಡ, ಮನುಷ್ಯ ತನಗೆ ಅನುಕೂಲವಾದದ್ದನ್ನೇ ಅಂದುಕೊಳ್ಳುವುದು.

ಸಂತೆಮರಹಳ್ಳಿ ಬಸ್ಸು ಬಂದು ಅಡ್ಡ ನಿಂತಿತು, ಈಗ ಗೇಟು ಕಾಣುವುದಿಲ್ಲ, ಇಳಿಯುವವರ ಕಾಲು ಮಾತ್ರ ಕಾಣುತ್ತದೆ, ಚಪ್ಪಲಿ, ಬರಿಗಾಲು, ನೀಲಿ ಸೀರೆಯ ಅಂಚು, ಬೆಳಿಗ್ಗೆ ರಂಜಿನಿ ಉಟ್ಟದ್ದೂ ನೀಲಿಯೇ — ಅಲ್ಲ, ಅವಳ ನಡಿಗೆ ಹಾಗಲ್ಲ, ಅವನು ಕೋಲ್ಕತ್ತಕ್ಕೆ ಹೋದ ಮೇಲೆ ಇಪ್ಪತ್ತು ದಿನ ಹಾರಾಟ, ಎಂಟು ದಿನ ರಜೆ, ಗುಂಡ್ಲುಪೇಟೆಯಿಂದ ಮೈಸೂರಿಗೆ ಬಸ್ಸು, ಮೈಸೂರಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಕೋಲ್ಕತ್ತಕ್ಕೆ ವಿಮಾನ, ಊರಿನವರ ಲೆಕ್ಕದಲ್ಲಿ ಕುಮಾರಸ್ವಾಮಿ ಎಂದರೆ ಬೇಕೆಂದಾಗ ಕೀಲಿ ತಿರುಗಿಸಿ ಹಾರಿಕೊಂಡು ಬರುವವನು, ಅಸಲಿಗೆ ಅವನಿಗೆ ಸಿಗುತ್ತಿದ್ದದ್ದು ಉಳಿದ ಸೀಟು, ದುಡ್ಡು ಕೊಟ್ಟವರೆಲ್ಲ ಹತ್ತಿ ಕೂತ ಮೇಲೆ, ಯಾರಾದರೂ ಒಬ್ಬ ಬಾರದೇ ಹೋಗಿದ್ದರೆ ಮಾತ್ರ ಅವನ ಹೆಸರು ಕೂಗುತ್ತಿದ್ದರು, ಅದಕ್ಕೆ ಸ್ಟ್ಯಾಂಡ್‌ಬೈ ಎಂದು ದೊಡ್ಡ ಹೆಸರು, ಗೇಟಿನ ಹತ್ತಿರ ಯೂನಿಫಾರಂ ಹಾಕಿಕೊಂಡು ಟೋಪಿ ಕಂಕುಳಲ್ಲಿಟ್ಟುಕೊಂಡು, ದೇವರೇ ಒಬ್ಬ ಬರದೇ ಇರಲಿ, ಒಬ್ಬನ ಟ್ಯಾಕ್ಸಿ ಕೆಡಲಿ ಎಂದು ಕಂಡವರಿಗೆಲ್ಲ ಕೇಡು ಬಯಸುತ್ತ ನಿಲ್ಲುವುದು, ಬಾಗಿಲು ಮುಚ್ಚಿದರೆ ಮುಂದಿನ ವಿಮಾನ, ಅದೂ ತುಂಬಿದರೆ ಅದರ ಮುಂದಿನದು, ಇದನ್ನು ಮನೆಯಲ್ಲಿ ಹೇಳುವುದು ಹೇಗೆ, ನನ್ ಮಗ ಇಮಾನ ಓಡ್ಸ್ತನೆ ಎಂದು ಅವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ, ವಿಮಾನ ಓಡಿಸುವವನಿಗೇ ವಿಮಾನದಲ್ಲಿ ಸೀಟಿಲ್ಲವಂತೆ ಎಂದು ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವವರೂ ನಗುತ್ತಾರೆ, ಆದ್ದರಿಂದ ಸೀಟು ಸಿಗದಿದ್ದಾಗಲೆಲ್ಲ ಅವನು ಫೋನಿನಲ್ಲಿ ಒಂದೇ ಮಾತು ಹೇಳಿದ, ಡ್ಯೂಟಿ ಬಿತ್ತು ರಂಜಿ, ಈ ಸಲ ಆಗಲ್ಲ, ಹೇಳಿ ಅಲ್ಲೇ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿಂದ, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಹಾಗೇ ಹೇಳಿದ, ಆ ದಿನವೂ, ಹೋದ ವರ್ಷ ದಸರಾ, ಕೋಲ್ಕತ್ತದಲ್ಲಿ ದುರ್ಗಾಪೂಜೆಯ ಗದ್ದಲ, ಯಾವ ವಿಮಾನದಲ್ಲೂ ಇರುವೆ ಕೂರಲು ಜಾಗವಿಲ್ಲ, ರಂಜಿನಿ ಐದು ತಿಂಗಳ ಬಸುರಿ, ಮಾವ ಗುರುಮಲ್ಲಯ್ಯ ಫೋನು ಮಾಡಿ, ಮಗು ನಿಲ್ನಿಲ್ಲ ಕಣಪ್ಪ, ರಂಜಿನ ಆಸ್ಪತ್ರೆಗೆ ಸೇರ್ಸಿವಿ, ನಿನ್ನೇ ಕೇಳ್ತಳೆ, ಬಂದ್ಬುಡು ಅಂದರು, ಅವನು ಓಡಿದ, ನಿಜವಾಗಿಯೂ ಓಡಿದ, ಬೂಟಿನ ದಾರ ಕಟ್ಟದೆ ಓಡಿದ, ಐದು ವಿಮಾನ, ಎರಡು ಹಗಲು, ಐದು ಸಲ ಬಾಗಿಲು ಅವನ ಮುಖಕ್ಕೆ ಮುಚ್ಚಿತು, ರೈಲು ಹಿಡಿದಿದ್ದರೆ ಒಂದೂವರೆ ದಿನಕ್ಕೆ ಬೆಂಗಳೂರಿನಲ್ಲಿರುತ್ತಿದ್ದ, ಮುಂದಿನದರಲ್ಲಿ ಸಿಕ್ಕೀತು, ಮುಂದಿನದರಲ್ಲಿ ಸಿಕ್ಕೀತು, ಒಂದು ಸಲ ಒಂದೇ ಸೀಟು ಉಳಿದು ಅವನ ಹೆಸರು ಕೂಗಿಯೂಬಿಟ್ಟರು, ಅಷ್ಟರಲ್ಲಿ ಟಿಕೆಟ್ಟು ಕೊಂಡವನು ಏದುಸಿರು ಬಿಡುತ್ತ ಬಂದು ಕೂತ, ಎರಡನೇ ಸಂಜೆ ಅವಳೇ ಫೋನಿಗೆ ಬಂದಳು, ದನಿ ಬಾವಿಯೊಳಗಿಂದ ಬಂದ ಹಾಗಿತ್ತು, ಬತ್ತೀರಾ ಅಂದಳು, ಆಗ, ಆಗಲಾದರೂ, ಗಾಜಿನ ಆಚೆ ವಿಮಾನ ಹಿಂದಕ್ಕೆ ಸರಿಯುತ್ತಿತ್ತು, ಬಾಯಿ ತೆರೆದ, ಬಂದದ್ದು ಅಭ್ಯಾಸದ ಮಾತು, ಡ್ಯೂಟಿ ಬಿತ್ತು ರಂಜಿ, ಆಸ್ಪತ್ರೆಯಿಂದ ಅವಳು ಗುಂಡ್ಲುಪೇಟೆಗೆ ಹೋಗಲಿಲ್ಲ, ಅಪ್ಪನ ಮನೆಗೆ ಹೋದಳು, ವರ್ಷವಾಯಿತು.

ಟಿಕೆಟ್ ಸಾ, ಕಂಡಕ್ಟರ್ ಮೂಗಯ್ಯ, ಮುಂಚೆ ಮೈಸೂರು ರೂಟಿನಲ್ಲಿದ್ದವನು, ಎರಡು ಗುಂಡ್ಲುಪೇಟೆ ಅಂದ ಕುಮಾರಸ್ವಾಮಿ, ಮೂಗಯ್ಯ ಟವಲ್ಲು ನೋಡಿದ, ಬಿಳಿ, ಕೆಂಪಂಚು, ಓ, ಇದು ಆಯಮ್ಮಂದಲ್ವಾ ಸಾ ಅಂದ, ನಿಮ್ಗೇಂತ ಮೈಸೂರ್ ಸ್ಟ್ಯಾಂಡಲ್ಲಿ ಆಕಂಡ್ ಕುಂತಿರದು, ಬಸ್ ಬುಡೋಗಂಟ ಯಾರ್ಗೂ ಕೊಡ್ತಿರ್ನಿಲ್ಲ, ಜಗಳಕ್ಕೇ ನಿಲ್ಲದು, ಒಂದು ಸಲ ಬಂದಿದ್ದಳು ಅಂದ ಕುಮಾರಸ್ವಾಮಿ, ಆರ್ ಸಲ ಸಾ, ಅಂದ ಮೂಗಯ್ಯ, ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋದ — ಆರು ಸಲ, ಬಸ್ಸು ಆಗಿಬರದವಳು, ಒಂದು ಸಲ ಅವನನ್ನು ಕರೆದೊಯ್ಯಲು ಮೈಸೂರಿನವರೆಗೆ ಬಂದಾಗ ಅವನೇ ಬೈದಿದ್ದ, ಇನ್ನು ಬರಬೇಡ, ಸುಸ್ತಾಗುತ್ತೀಯ, ಆಮೇಲೆ ಹೇಳದೆಯೇ ಬರುತ್ತಿದ್ದಳು, ಇನ್ನೂ ಐದು ಸಲ, ಈ ಟವಲ್ಲು ಹಾಕಿಕೊಂಡು ಕಾದು, ಡ್ಯೂಟಿ ಬಿತ್ತು ಎಂಬ ಮಾತನ್ನು ಮೈಸೂರು ಸ್ಟ್ಯಾಂಡಿನಲ್ಲಿ ಕೂತೇ ಕೇಳಿ, ಹೂಂ ಸರಿ ಅಂದು, ಟವಲ್ಲು ಮಡಿಸಿಕೊಂಡು ಒಬ್ಬಳೇ ವಾಪಸು, ಫೋನಿನಲ್ಲಿ ಅವಳ ಹಿಂದಿನಿಂದ ಬಸ್ಸಿನ ಹಾರ್ನು ಕೇಳಿಸುತ್ತಿತ್ತಲ್ಲ, ಅವನು ಅದು ಮನೆ ಮುಂದಿನ ಹೆದ್ದಾರಿಯ ಸದ್ದು ಅಂದುಕೊಂಡಿದ್ದ.

ಎರಡೂ ಇಪ್ಪತ್ತೈದು, ಡ್ರೈವರು ಬೀಡಿ ಎಸೆದು ಹತ್ತಿದ, ಅಡ್ಡ ನಿಂತಿದ್ದ ಬಸ್ಸು ಸರಿಯಿತು, ಗೇಟು ಕಾಣುತ್ತದೆ, ಗೇಟಿನಲ್ಲಿ ಕಡಲೆಕಾಯಿ ಗಾಡಿ, ಅದರ ಆಚೆ ಬಿಸಿಲು, ಬೆಳಿಗ್ಗೆ ಕುಮಾರಸ್ವಾಮಿ ರಂಜಿನಿಗೆ ಎಲ್ಲ ಹೇಳಿಬಿಟ್ಟ, ಮಾವನ ಮುಂದೆಯೇ, ಮೀಸೆಯ ಮಣ್ಣನ್ನೆಲ್ಲ ತೋರಿಸಿಬಿಟ್ಟ, ಡ್ಯೂಟಿ ಇರಲಿಲ್ಲ ರಂಜಿ, ಸೀಟು ಸಿಗಲಿಲ್ಲ, ಭಿಕ್ಷೆಯವನ ಹಾಗೆ ನಿಂತಿದ್ದೆ, ಗುರುಮಲ್ಲಯ್ಯ ಎದ್ದು ಹಿತ್ತಿಲಿಗೆ ಹೋದರು, ರಂಜಿನಿ ಅಕ್ಕಿ ಆರಿಸುತ್ತಿದ್ದಳು, ಕೈ ನಿಂತಿತು, ಬರಾಕಾಗ್ದೇ ಇರೋರ್ಗೆ ಕಾಯ್ಬೋದು ಕಣಿ, ಅಂದಳು, ಡ್ಯೂಟಿ ಅನ್ನದು ನೆಪ ಅನ್ಕಂಡಿದ್ದೆ, ನಾನು ಇಷ್ಟ್ ದಿನ ಬರಾಕೆ ಮನ್ಸಿಲ್ದೋರ್ಗೆ ಕಾಯ್ದೆ, ಅದು ಬ್ಯಾರೆ ಸುಸ್ತು, ಅವನು ಅವಸರವಾಗಿ ಕಾಗದ ತೆಗೆದ, ಎರಡನ್ನೂ ತೆಗೆದ, ಅಲ್ಲೇ ಎಡವಿದ್ದು, ಈಗ ಗೊತ್ತಾಗುತ್ತಿದೆ, ನೀನು ಬಂದರೆ ಬೆಂಗಳೂರಿಗೆ ಹೂಂ ಅನ್ನುತ್ತೇನೆ, ಮನೆ ನೋಡುತ್ತೇನೆ, ದಿನಾ ಸಂಜೆ ಬರುತ್ತೇನೆ, ಅವಳು ಒಂದು ಕಾಗದ ನೋಡಿದಳು, ಇನ್ನೊಂದು ನೋಡಿದಳು, ಮೊರ ಕೆಳಗಿಟ್ಟಳು, ಎಲ್ಡ್ ಕಡೀಕೂ ಟವಲ್ ಆಕಿ ಬಂದಿದ್ದೀರಲ್ಲ, ಅಂದಳು, ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಕಾಲು ಹಿಡಿಯಬಹುದಿತ್ತು, ಒಂದೇ ಕಾಗದ ತಂದಿದ್ದರೆ, ಹೂಂ ಅಂದು ಬಂದಿದ್ದರೆ, ಬಾ ಎಂದು ಮಾತ್ರ ಕರೆದಿದ್ದರೆ, ಹೊರಟಾಗ ಒಳಗೆ ಹೋಗಿ ಈ ಟವಲ್ಲು ತಂದು ಕೈಗಿಟ್ಟಳು, ಬಿಸ್ಲು, ತಲೆಗಾಕಳಿ ಅಂದಳು, ನೀವು ಓಗಿರಿ, ನೋಡನ, ತಲೆಗೆ ಹಾಕಿಕೊಳ್ಳಿ ಅಂದದ್ದನ್ನು ಅವನು ಸೀಟಿಗೆ ಹಾಕಿದ.

ರೈಟ್ ಅಂದ ಮೂಗಯ್ಯ, ಬಸ್ಸು ನಡುಗಿತು, ಹಿಂದಕ್ಕೆ ಸರಿಯುತ್ತಿದೆ, ಕಡಲೆಕಾಯಿ ಗಾಡಿ, ಗೇಟು, ಯಾರೂ ಇಲ್ಲ, ನೀಲಿ ಸೀರೆ ಇಲ್ಲ, ಬೆಂಗಳೂರು ಹತ್ತಿರ, ಯಾರಿಗೆ ಹತ್ತಿರ, ಐದು ಗಂಟೆಗೆ ಯಾರಿಗೆ ಹೂಂ ಅನ್ನುವುದು, ಯಾವುದಕ್ಕಾದರೂ ಅನ್ನಬಹುದು, ಈಗ ಎರಡೂ ಒಂದೇ ದೂರ, ಪಕ್ಕದಲ್ಲಿ ಮುದುಕಿಯೊಬ್ಬಳು ಕಂಬಿ ಹಿಡಿದು ಓಲಾಡುತ್ತ ಆ ಸೀಟನ್ನೇ ನೋಡುತ್ತಿದ್ದಾಳೆ, ಒಬ್ಬರು ಬಾರದೆ ಹೋದರೆ ಇನ್ನೊಬ್ಬರಿಗೆ ಸೀಟು, ಅವನಿಗೆ ಗೊತ್ತಿರುವ ನಿಯಮವೇ, ಟವಲ್ ತಗೀರಿ ಸಾ, ಅವ್ವ ನಿಂತದೆ, ಅಂದ ಮೂಗಯ್ಯ ಮೆಲ್ಲಗೆ, ತೆಗೆಯಬೇಕು, ಕೈ ಹೋಯಿತು, ಬಟ್ಟೆ ಬಿಸಿಯಾಗಿದೆ, ಬಿಸಿಲಿಗೆ, ಯಾರೋ ಈಗಷ್ಟೇ ಕೂತು ಎದ್ದು ಹೋದ ಹಾಗೆ ಬಿಸಿ, ತಗೀರಿ ಸಾ, ಹೂಂ, ತೆಗೆಯುತ್ತೇನೆ, ಕೆಂಪಂಚು, ನಾಲ್ಕು ಮಡಿಕೆ, ಆರು ಸಲ, ಮಡಿಸಿಕೊಂಡು ಹೋಗುತ್ತಿದ್ದಳಲ್ಲ, ಹೇಗೆ ತೆಗೆಯುತ್ತಿದ್ದಳು, ಮೊದಲು ಯಾವ ತುದಿ, ಕೆಂಪಂಚು, ಬಿಳಿ ಟವಲ್ಲು, ಕಿಟಕಿ ಪಕ್ಕದ ಸೀಟು, ಟವಲ್ಲು —